ಹಲಗಿ ಕಾಸಾಕ ಹೋದಾಗ

“ಏ ಹಲಗಿ! ಎದ್ದು ಹೋಗ್ರೋ ಹೊರಗ. ಕಡೀ ಸೀನ್ ಬಂತು, ಕಾಸ್ಕೊಂಡ ಬರ್ರಿ.”

ಅರವತ್ತು ದಾಟಿದ ನಮ್ಮಪ್ಪ ಶಟ್ಟೆಪ್ಪನಿಗೆ ಡೈರೆಕ್ಟರ್ ಸಂಕೇತ ಇಟ್ಟ ಹೆಸರು ಅದು, ಅಪ್ಪ ಬಡಿಯುವ ಚರ್ಮವಾದ್ಯದ ಹೆಸರೇ, ಹಲಗಿ.

“ಈಗರ ಕಾಸೇನಲ್ರಿ, ಕೇಳ್ರಿಲ್ಲೆ,” ಅಪ್ಪ ಹಲಗಿಯನ್ನು ಬೆರಳಿಂದ ಬಡಿದು ತೋರಿಸಿದ. ಠಣ್ ಅಂದಿತು.

“ಹೇಳಿದಷ್ಟ ಮಾಡು.”

ತಾಲೀಮಿನ ಎರಡು ತಿಂಗಳೂ ಹೀಗೇ. ಬೆಂಕಿಗೆ ಹಿಡಿದು ಕಾಸದಿದ್ದರೆ ಹಲಗಿಯ ಚರ್ಮ ಸಡಿಲಾಗಿ ದನಿ ಸಾಯುತ್ತದೆ, ನಿಜ. ಆದರೆ ಕಾದ ಹಲಗಿಯನ್ನು ಮತ್ತೆ ಕಾಸುವುದು ಯಾಕೆ? ಕೊನೆಯ ದೃಶ್ಯ ಬಂದಾಗಲೇ ಯಾಕೆ? ಅಪ್ಪ, ಅವ್ವ, ನಾನು ಹಿಂದಿನ ಬಾಗಿಲಿಂದ ಹೊರಬಿದ್ದು ಹುಲ್ಲು, ರದ್ದಿ ಕಾಗದ ಹಚ್ಚಿ ಕೂರುತ್ತಿದ್ದೆವು. ಮರಳಿ ಬರುವಷ್ಟರಲ್ಲಿ ಮಂಗಳ. ನನಗಂತೂ ಮೊದಲ ದಿನದಿಂದಲೇ ಸಂಶಯ.

ನಾಟಕ ನಮ್ಮವ್ವ ಪದ್ಮವ್ವನದೇ ಕಥೆ. ಹೂಲಿಯಲ್ಲಿ ಗೋದಿ ಕೊಯ್ಯುವಾಗ ಹೊಲದ ಧಣಿ ಅವಳ ಸೆರಗಿಗೆ ಕೈ ಹಾಕಿದ. ಅವ್ವ ಕುಡಗೋಲು ಬೀಸಿದಳು; ಅವನ ಎರಡು ಬೆರಳು ಹೋದವು. ಹಿರಿಯರು ಕೂಡಿ, ಧಣಿಯ ಕಾಲಿಗೆ ಬೀಳು, ಮುಗಿಸಿಬಿಡೋಣ ಅಂದರು. ಬೀಳಲಿಲ್ಲ. ಗುಡಿಸಲಿಗೆ ಬೆಂಕಿ ಬಿತ್ತು, ನಾವು ಬೈಲಹೊಂಗಲಕ್ಕೆ ಬಂದೆವು. ಅವ್ವನಿಗೆ ಹೊಲ ಇಲ್ಲ, ಸ್ವಂತ ಮನೆ ಇಲ್ಲ. ಬೀಳಲಿಲ್ಲ ಅನ್ನುವುದೊಂದೇ ಇರುವುದು.

ಇದನ್ನೆಲ್ಲ ಕಾಲೇಜಿನ ನೀಲಕಂಠ ಸರ್ ನಮ್ಮ ಕಟ್ಟೆಯ ಮೇಲೆ ಕೂತು ಕೇಳಿಕೊಂಡು ಕಾದಂಬರಿ ಬರೆದರು. ಬಹುಮಾನ ಬಂತು, ಶಾಲು ಬಂತು. “ಒಂದ್ ಪುಸ್ತಕ ಕೊಡ್ರಿ ಸರ” ಅಂತ ನಾನು ಕೇಳಿದರೆ, “ಭಾಷಾ ಭಾಳ ಬಿಗಿ ಅದವಾ, ನಿನಗ ತಿಳಿಯೂದಿಲ್ಲ” ಅಂದರು. ಏಳನೇತ್ತೆ ಓದಿದವಳಿಗೆ ನಮ್ಮವ್ವನ ಕಥೆ ತಿಳಿಯುವುದಿಲ್ಲವಂತೆ, ಎಲಾ ಇವನ! ಈಗ ಅದು ಹಾಡಿನ ನಾಟಕ. ಮುಂದೆ ಅವ್ವನ ಪಾತ್ರದ ಜ್ಯೋತ್ಸ್ನಾ ಬರೀ ಬಾಯಿ ಆಡಿಸುತ್ತಾಳೆ, ಪರದೆಯ ಹಿಂದೆ ಅವ್ವ ಹಾಡುತ್ತಾಳೆ. ಕೊನೆಯ ಅಳುವ ಹಾಡನ್ನು ಮಾತ್ರ, ಯಾವ ಸೀನಿಗೆ ಅಂತ ಹೇಳದೆ, ಅವ್ವನಿಂದ ಹಾಡಿಸಿ ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು.

ಒಟ್ಟು ಮೂರೇ ಆಟ ಕಂಡ ನಾಟಕ ಅದು. ಬೈಲಹೊಂಗಲದ ಮೊದಲ ಆಟದಲ್ಲಿ ನಾವು ಕಾಸಿಕೊಂಡು ಒಳಗೆ ಬಂದಾಗ ಮಂದಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

“ನಾ ಬೆರಳ ಕಡದದ್ದಕ್ಕ ಇವರ್ಯಾಕ ಅಳಾಕ ಹತ್ಯಾರ?” ಅವ್ವ ಕೇಳಿದಳು. ನನಗೇನು ಗೊತ್ತು!

ರಾಮದುರ್ಗದಲ್ಲಿ ಎರಡನೆಯ ಆಟ ಮುಗಿದ ಮೇಲೆ ಇಳಕಲ್ ಸೀರೆಯ ಹಿರಿಯರೊಬ್ಬರು ಅವ್ವನ ಕೈ ಹಿಡಿದರು. “ಎಷ್ಟ ದೊಡ್ಡ ಮನಸ್ಸವಾ ನಿಂದು! ಎಲ್ಲಾ ಹೊಟ್ಟ್ಯಾಗ ಹಾಕ್ಕೊಂಡಿ.”

ಅವ್ವ ಕೈ ಕಿತ್ತುಕೊಂಡಳು. ಬಸ್ಸು ಮನೋಳಿ ದಾಟಿತು. ಆಮೇಲೆ, “ರೇಣು, ನಾ ಏನ ಹೊಟ್ಟ್ಯಾಗ ಹಾಕ್ಕೊಂಡೇನಿ?” ಅಂದಳು.

ಮೂರನೆಯದು ಸವದತ್ತಿಯಲ್ಲಿ, ಮಧ್ಯಾಹ್ನದ ಆಟ. “ಏ ಹಲಗಿ!” ಅಂದ ಸಂಕೇತ. ಎದ್ದೆವು. ಹೋಗುವಾಗ ಜ್ಯೋತ್ಸ್ನಾಳ ಕುರ್ಚಿಯ ಮೇಲಿದ್ದ ನಾಟಕದ ಪ್ರತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಹೊರಗೆ ಬೆಂಕಿ ಹತ್ತಿತು. ಕೊನೆಯ ಹಾಳೆ ತೆಗೆದು ಓದಿದೆ.

“ಪದ್ಮೆ ಕುಡಗೋಲನ್ನು ಬಿಸುಟು, ಧಣಿಯ ಪಾದಗಳನ್ನು ಕಣ್ಣೀರಿನಿಂದ ತೊಳೆಯುತ್ತಾಳೆ. ಧಣಿ ಅವಳನ್ನೆತ್ತಿ ‘ಮಗಳೇ’ ಎನ್ನುತ್ತಾನೆ.”

“ಇನ್ನೊಮ್ಮಿ ಓದು,” ಅಂದಳು ಅವ್ವ.

ಓದಿದೆ.

“ಸೂಳಿಮಗ,” ಅಂದ ಅಪ್ಪ. “ಸೆರಗ ಎಳದಾಂವಗ ಮಗಳಾಗ್ಬೇಕಂತ!”

ಅವ್ವ ಹಾಳೆಗಳನ್ನು ಕಸಿದುಕೊಂಡು ಬೆಂಕಿಗೆ ಹಾಕಿದಳು. “ಕಾಸು,” ಅಂದಳು. ಅಪ್ಪ ಹಲಗಿಯನ್ನು ಆ ಉರಿಯ ಮೇಲೆ ತಿರುಗಿಸಿ ತಿರುಗಿಸಿ ಹಿಡಿದ.

ಒಳಗೆ ಬಂದರೆ ಸ್ಪೀಕರಿನಲ್ಲಿ ಅವ್ವನದೇ ದನಿ ಹಾಡುತ್ತಿತ್ತು. ಜ್ಯೋತ್ಸ್ನಾ ಧಣಿಯ ಪಾತ್ರದವನ ಕಾಲ ಮೇಲೆ ಬಗ್ಗಿದ್ದಳು. ಅವ್ವ ನೆಟ್ಟಗೆ ರಂಗದ ಮೇಲೆ ನಡೆದು ಹೋಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

“ಏಳ ತಂಗಿ. ನಾ ಬಿದ್ದಿಲ್ಲ, ನೀ ಯಾಕ ಬೀಳ್ತಿ?”

ಮುಂದಿನ ಸಾಲಿನಿಂದ ನೀಲಕಂಠ ಸರ್ ಎದ್ದರು. “ಪದ್ಮವ್ವಾ, ಏನ ಮಾಡ್ಲಿಕ್ಕತ್ತಿ? ಇದು ನನ್ನ ಕಾದಂಬರಿ ಅದ!”

“ಕಾದಂಬರಿ ನೀನ ಇಟ್ಕೋ. ಕುಡಗೋಲ ನಂದು.” ಇಷ್ಟು ವರ್ಷ ಅವರಿಗೆ ರೀ ಹಚ್ಚಿಯೇ ಮಾತಾಡಿದ ಬಾಯಿ ಅದು.

“ಪರದಿ ಬಿಡ್ರೋ! ಒದ್ದು ಹೊರಗ ಹಾಕ್ರಿ ಇವರನ್ನ!” ಸಂಕೇತ ಚೀರಿದ.

ಪರದೆ ಬಿತ್ತು. ಅಷ್ಟರಲ್ಲಿ ಅವ್ವ ಅದರ ಮುಂದೆ ಬಂದು ನಿಂತಿದ್ದಳು, ಅಪ್ಪ ಅವಳ ಪಕ್ಕದಲ್ಲಿ. ಪರದೆಯ ಹಿಂದೆ ರೆಕಾರ್ಡಿನ ಹಾಡು ಇನ್ನೂ ಅಳುತ್ತಿತ್ತು. ಅದು ಯಾರಿಗೂ ಕೇಳಿಸದ ಹಾಗೆ ಅಪ್ಪ ಹಲಗಿ ಬಡಿಯುತ್ತಲೇ ಇದ್ದ.