ಆಫ್ರಿಕಾದ ಅತ್ತಿ

ಗಿಡ ಲಿಫ್ಟಿನೊಳಗೆ ಹಿಡಿಸಲಿಲ್ಲ. ಕುಂಡವನ್ನು ಓರೆ ಮಾಡಿ ನೋಡಿದರು, ತುದಿಯನ್ನು ಬಗ್ಗಿಸಿ ನೋಡಿದರು. ವಾಚ್‌ಮನ್ ನಿಂಗಣ್ಣ ಒಳಗೆ ಹೋಗಿ ಕುಂಡವನ್ನು ತೊಡೆಗೆ ಆನಿಸಿಕೊಂಡು ಎಳೆದ. ಹೊರಗೆ ದೂಜ ಪೂಜಾರಿ ಎಲೆಗಳಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಆದರೂ ಲಿಫ್ಟಿನ ಕಬ್ಬಿಣದ ಬಾಗಿಲಿಗೆ ತಾಗಿ ಒಂದು ಎಲೆ ಮುರಿಯಿತು. ತೊಟ್ಟು ಮುರಿದಲ್ಲಿಂದ ಬಿಳಿ ಹಾಲು ತೊಟ್ಟಿಕ್ಕತೊಡಗಿತು.

"ಸಾಕ್ರಿ, ಸಾಕು. ಹೊರಗ ತಗೀರಿ," ಎಂದಳು ದಾನೇಶ್ವರಿ.

"ಇದು ಗಿಡ ಅಲ್ರೀ ತಾಯಿ, ಮರ," ನಿಂಗಣ್ಣ ಬೆವರು ಒರೆಸಿಕೊಂಡ. "ಮೆಟ್ಟಲ ಮ್ಯಾಲಿಂದ ಒಯ್ಯಾಕಂತೂ ಆಗೂದಿಲ್ಲ ನೋಡ್ರಿ."

ಅದು ದೂಜನಿಗೂ ಗೊತ್ತಿತ್ತು. ಘಾಟ್ಕೋಪರಿನ ಆ ಹಳೆಯ ಬಿಲ್ಡಿಂಗಿನ ಮೆಟ್ಟಿಲುಗಳು ಮೊದಲೇ ಇಕ್ಕಟ್ಟು. ಅದರ ಮೇಲೆ ಪ್ರತಿ ಮಹಡಿಯ ತಿರುವಿನಲ್ಲೂ ಯಾರದೋ ಚಪ್ಪಲಿ ಸ್ಟ್ಯಾಂಡು, ಯಾರದೋ ಸೈಕಲ್ಲು. ಕೆಳಗೆ ಟೆಂಪೋದವನು ಹಾರನ್ ಬಾರಿಸುತ್ತಿದ್ದ. ದಾನೇಶ್ವರಿಯ ಉಳಿದ ಸಾಮಾನೆಲ್ಲ ಆಗಲೇ ಟೆಂಪೋ ಸೇರಿತ್ತು: ಎರಡು ಸೂಟ್‌ಕೇಸು, ಹೊಲಿಗೆ ಮಿಶನ್ನು, ತವರಿನವರು ಮದುವೆಗೆ ಕೊಟ್ಟ ಸ್ಟೀಲಿನ ಹಂಡೆ. ಗಿಡವೊಂದೇ ಬಾಕಿ. ದೂಜನ ಮಗ ಪ್ರಶಾಂತನ ಕೋಣೆಯ ಬಾಗಿಲು ಮುಚ್ಚಿತ್ತು. ಹಿಂದಿನ ತಿಂಗಳು ಕೋರ್ಟಿನಲ್ಲಿ ವಿಚ್ಛೇದನದ ಕಾಗದಕ್ಕೆ ಗಂಡ ಹೆಂಡತಿ ಇಬ್ಬರ ಸಹಿಯೂ ಬಿದ್ದಾಗಿತ್ತು.

"ನಡಕ ಕಡದು ಎರಡು ತುಂಡು ಮಾಡಿ ಒಯ್ತೀನ್ರಿ. ಬದುಕಿದ್ರ ಬದುಕ್ಲಿ, ಇಲ್ಲಾಂದ್ರ ಛೋಡೋ," ಎಂದಳು ಅವಳು.

ದೂಜ ಮುರಿದ ಎಲೆಯ ತೊಟ್ಟಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದ. "ಹಾಗೆ ಕಡಿಯುವುದು ಬೇಡ ಮಾರಾಯ್ತಿ. ಗೂಟಿ ಕಟ್ಟುವ. ಕೊಂಬೆಯ ಸಿಪ್ಪೆ ತೆಗೆದು ತೆಂಗಿನ ನಾರಿನ ಪುಡಿ ಸುತ್ತಿದರೆ ಅಲ್ಲಿಯೇ ಬೇರು ಬರ್ತದೆ. ಹೇಗೂ ಮಳೆ ಹಿಡಿದಿದೆ. ಬೇರು ಬಂದ ಮೇಲೆ ತುದಿಯನ್ನು ಕಡಿದು ನೀನು ತಗೊಂಡು ಹೋಗು. ಬುಡ ಇಲ್ಲಿರಲಿ."

"ಎಷ್ಟು ದಿನಾ ಬೇಕ್ರಿ ಅದಕ್ಕ?"

"ಎರಡು ತಿಂಗಳಾದರೂ ಬೇಕು."

ದಾನೇಶ್ವರಿ ಮುಚ್ಚಿದ ಬಾಗಿಲ ಕಡೆ ನೋಡಿದಳು. ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ನಿಶ್ಚಯಿಸಿಕೊಂಡೇ ಅವಳು ಅಂದು ಬಂದಿದ್ದಳು. ಕೆಳಗಿನಿಂದ ಮತ್ತೆ ಹಾರನ್ ಕೇಳಿಸಿತು. ಅವಳು ಫೋನು ತೆಗೆದು ಟೆಂಪೋದವನಿಗೆ ಹತ್ತು ಮಿನಿಟು ಕಾಯಲು ಹೇಳಿ, ದುಪಟ್ಟಾ ಸೊಂಟಕ್ಕೆ ಬಿಗಿದಳು. "ಹಿಡೀರಿ ಹಂಗಾರ, ಒಳಗ ಇಡೂಣು."

ಆ ಗಿಡ ಮನೆಗೆ ಬಂದದ್ದು ಮದುವೆಯಾದ ವರ್ಷ. ಆಗ ಮೊಣಕಾಲೆತ್ತರವೂ ಇರಲಿಲ್ಲ. ದಾನೇಶ್ವರಿ ಅದನ್ನು ನರ್ಸರಿಯಿಂದ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ದಪ್ಪನೆಯ, ನಡುವೆ ಸಣ್ಣಗಾಗಿ ತುದಿಯಲ್ಲಿ ಅಗಲವಾದ ಎಲೆಗಳು. ದೂಜ ತೇಗವೇನೋ ಅಂದುಕೊಂಡ. "ಎಲಿ ಪಿಟೀಲಿನಂಗ ಅದ ನೋಡ್ರಿ ಮಾಮಾ. ಆಫ್ರಿಕಾದ ಕಾಡಿಂದು. ನಮ್ಮ ಅತ್ತಿ ಜಾತೀನ ಅಂತ, ಆಫ್ರಿಕಾದ ಅತ್ತಿ," ಎಂದಿದ್ದಳು. ಅವಳ ಕಡೆಯ ಮಾತಿನಲ್ಲಿ ಅತ್ತೆಗೂ ಅತ್ತಿ ಎಂದೇ ಹೇಳುತ್ತಾರೆ. ಅಡುಗೆಮನೆಯಿಂದ ದೂಜನ ಹೆಂಡತಿ ಪ್ರಫುಲ್ಲಾ, "ಯಾಕೆ, ಇರುವ ಒಬ್ಬಳು ಸಾಲದಾ ಇವಳಿಗೆ?" ಎಂದಾಗ ಪ್ರಶಾಂತ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಿದ್ದ.

ದಾನೇಶ್ವರಿಯ ತಂದೆ ಶೆಟ್ಟೆಪ್ಪ ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು ಧಾರಾವಿಯಲ್ಲಿ ನೆಲೆಯಾದವನು. ಪ್ರಶಾಂತನಿಗೂ ಅವಳಿಗೂ ಆಫೀಸಿನಲ್ಲಿ ಪರಿಚಯ. ಅವಳಿಗೆ ತುಳು ಬಾರದು. ಅಲ್ಲಿಯವರೆಗೆ ತುಳುವಿನಲ್ಲೇ ನಡೆಯುತ್ತಿದ್ದ ಮನೆ ಅವಳಿಗಾಗಿ ಕನ್ನಡಕ್ಕೆ ಹೊರಳಿಕೊಂಡಿತು. ಅವಳ ಕನ್ನಡ ಪ್ರಫುಲ್ಲಾಗೆ ಬೈದ ಹಾಗೆ ಕೇಳುತ್ತಿತ್ತು. ಪ್ರಫುಲ್ಲಾಳ ಕನ್ನಡ ಅವಳಿಗೆ ಪುಸ್ತಕ ಓದಿದ ಹಾಗೆ.

ದಾದರಿನ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ದೂಜ ಆ ವರ್ಷವೇ ಕೆಲಸ ಬಿಟ್ಟಿದ್ದ. ಹಗಲು ಹೇಗೆ ಕಳೆಯುವುದೆಂದು ತಿಳಿಯದೆ ಗಿಡದ ಹಿಂದೆ ಬಿದ್ದ. ಮೊದಮೊದಲು ಬಿಸಿಲಿಗಿರಲಿ ಎಂದು ಅತ್ತ, ಗಾಳಿಗಿರಲಿ ಎಂದು ಇತ್ತ ಇಟ್ಟು ಅದರ ಅರ್ಧ ಎಲೆ ಉದುರಿಸಿದ. ಆಮೇಲೆ ಅವನೂ ದಾನೇಶ್ವರಿಯೂ ಕೂಡಿ ಅದರ ಸ್ವಭಾವ ಕಲಿತರು. ಜಾಗ ಬದಲಿಸಿದರೆ ಅದಕ್ಕೆ ಆಗದು. ಬೆಳಕು ಬೇಕು, ಸುಡುವ ಬಿಸಿಲು ಬೇಡ. ಮಣ್ಣಿನೊಳಗೆ ಬೆರಳು ಹೊಕ್ಕಿಸಿ ಒಣಗಿದೆ ಅನಿಸಿದರೆ ಮಾತ್ರ ನೀರು. ಮೆಟ್ರೋದ ರಸ್ತೆಯಿಂದ ಏಳುವ ಧೂಳು ಎಲೆಗಳ ಮೇಲೆ ಕೂರುತ್ತಿತ್ತು; ರಜೆಯ ದಿನ ಅವನು ಎಲೆಯ ಅಡಿಗೆ ಅಂಗೈ ಕೊಟ್ಟು ಹಿಡಿಯುವುದು, ಅವಳು ಒದ್ದೆ ಬಟ್ಟೆಯಿಂದ ಒರೆಸುವುದು. ಹಾಗೆ ಒರೆಸುವಾಗ ಅವಳು ಧಾರಾವಿಯ ಕತೆ ಹೇಳುತ್ತಿದ್ದಳು, ಅವನು ಹೋಟೆಲಿನದು. ಪ್ರಶಾಂತ ಆಗ ಟಿವಿ ನೋಡುತ್ತಿದ್ದ. ಮುಂದೆ ಟಿವಿಯೂ ಇಲ್ಲ, ಕೋಣೆಯಲ್ಲಿ ಅವನ ಫೋನು ಅವನಿಗೆ, ಇವಳ ಫೋನು ಇವಳಿಗೆ.

ಜೋರು ಜಗಳವಾಗಿದ್ದರೆ ನಡುವೆ ನಿಂತು ಬಿಡಿಸಬಹುದಿತ್ತು ಎಂದು ದೂಜನಿಗೆ ಎಷ್ಟೋ ಸಲ ಅನಿಸಿದೆ. ಜಗಳವೇ ಆಗಲಿಲ್ಲ. ಮಾತು ಕಡಿಮೆಯಾಗುತ್ತ ಬಂದು ಒಂದು ದಿನ ನಿಂತುಹೋಯಿತು, ಅಷ್ಟೆ. ಅವಳು ಡೊಂಬಿವಲಿಯಲ್ಲಿ ಬಾಡಿಗೆ ಮನೆ ಹಿಡಿದಳು.

ಊರಿನಲ್ಲಿ ಮಾವ ಪೇರಳೆ ಮರಕ್ಕೆ ಗೂಟಿ ಕಟ್ಟುವುದನ್ನು ದೂಜ ಚಿಕ್ಕವನಿದ್ದಾಗ ನೋಡಿದ್ದ, ತಾನೇ ಕಟ್ಟಿರಲಿಲ್ಲ. ಅಂದು ಗಿಡವನ್ನು ಕಿಟಕಿಯ ಪಕ್ಕ ಮೊದಲಿನ ಜಾಗಕ್ಕೇ ಇಟ್ಟು, ಎದೆಯೆತ್ತರದಲ್ಲಿ ಕಾಂಡದ ಸುತ್ತ ಬಳೆಯಷ್ಟಗಲ ಸಿಪ್ಪೆ ಬಿಡಿಸಿದ. ದಾನೇಶ್ವರಿ ಸುರಿಯುವ ಹಾಲನ್ನು ಹಳೆಯ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರಫುಲ್ಲಾ, "ಹಾಲು ಬರುವ ಮರ ಮನೆಯೊಳಗೆ ಇಡಬಾರದು ಅಂತ ನಾನು ಮೊದಲೇ ಹೇಳಿದ್ದೆ. ಯಾರು ಕೇಳ್ತಾರೆ?" ಎಂದು ಒಳಗೆ ಹೋದಳು. ದಾನೇಶ್ವರಿ ತಲೆ ಎತ್ತಲಿಲ್ಲ. ನೆನೆಸಿದ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಹಾಳೆ ಬಿಗಿದು, ಮೇಲೂ ಕೆಳಗೂ ದಾರ ಕಟ್ಟಿದ ಮೇಲೆ, "ಬರ್ತೀನ್ರಿ," ಎಂದಷ್ಟೇ ಹೇಳಿ ಇಳಿದುಹೋದಳು.

ಕೆಲವು ದಿನಗಳ ಮೇಲೆ ಅವಳ ಫೋನು ಬಂತು. "ಬೇರು ಬಂತೇನ್ರಿ..." ಎಂದು ಕೇಳಿ ತಡೆದಳು. ಏನೆಂದು ಕರೆಯಬೇಕೆಂದು ಅವಳು ಹುಡುಕುತ್ತಿದ್ದಾಳೆಂದು ದೂಜನಿಗೆ ಹೊಳೆಯಿತು. ಕೊನೆಗೆ ಮೆಲ್ಲಗೆ "ಮಾಮಾ" ಎಂದಳು.

"ಇಷ್ಟು ಬೇಗ ಎಲ್ಲಿ ಬರ್ತದೆ? ಚೆನ್ನಾಗಿ ಉಂಟು. ಹೆದರಬೇಡ."

ಚೆನ್ನಾಗಿರಲಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಕಿಟಕಿ ಮುಚ್ಚಿ ಮುಚ್ಚಿ ಮನೆಯೆಲ್ಲ ಮುಗ್ಗಲು ವಾಸನೆ ಹಿಡಿದಿತ್ತು. ಗಿಡದ ಕೆಳಗಿನ ಎಲೆ ಹಳದಿಯಾಗಿ ಒಂದು ಬೆಳಿಗ್ಗೆ ನೆಲದ ಮೇಲೆ ಬಿದ್ದಿತ್ತು. ಆಮೇಲೆ ಇನ್ನೊಂದು. ಗೂಟಿಯ ಮೇಲಿನ ಎಲೆಗಳಲ್ಲೂ ಅಂಚಿನಿಂದ ಕಂದು ಕಲೆ ಹಬ್ಬತೊಡಗಿತು. ದೂಜ ಹತ್ತು ದಿನಗಳಿಂದ ಒಂದು ಹನಿ ನೀರು ಹಾಕಿರಲಿಲ್ಲ. ಆದರೂ ಮಣ್ಣಿಗೆ ಬೆರಳಿಟ್ಟರೆ ಕೆಸರು.

ಪ್ರಫುಲ್ಲಾಳ ಮೇಲೆ ಅವನಿಗೆ ಅನುಮಾನ ಬಂತು. ಸೊಸೆಯ ನೆನಪಿನದು ಏನೂ ಮನೆಯಲ್ಲಿ ಇರಬಾರದು ಎಂದು ಅವಳು ಮದುವೆಯ ಫೋಟೋ ಕೂಡ ತೆಗೆದು ಕಪಾಟಿನ ಮೇಲಿಟ್ಟಿದ್ದಳು. ಮಾರನೆಯ ದಿನ ಸ್ನಾನ ಮುಗಿಸಿ ಬರುವಾಗ ಅವನಿಗೆ ಕಂಡಿತು: ಪ್ರಫುಲ್ಲಾ ಪಾತ್ರೆ ಹಿಡಿದು ಕುಂಡದ ಮುಂದೆ ಬಗ್ಗಿದ್ದಳು.

"ಎಂತ ಮಾಡ್ತಿದ್ದಿ?" ದೂಜನ ಧ್ವನಿ ಏರಿತು. "ಸಾಯಿಸಲಿಕ್ಕೆ ಹೊರಟಿದ್ದೀಯಾ ಅದನ್ನು? ಅವಳ ಮೇಲಿನ ಸಿಟ್ಟನ್ನು ಗಿಡದ ಮೇಲೆ ತೀರಿಸುವುದಾ?"

ಪ್ರಫುಲ್ಲಾ ಬೆಚ್ಚಿಬಿದ್ದು ತಿರುಗಿದಳು. ಪಾತ್ರೆಯಲ್ಲಿ ಬೆಳ್ಳಗಿನ ನೀರಿತ್ತು. "ಅಕ್ಕಿ ತೊಳೆದ ನೀರು," ಎಂದಳು. "ಊರಿನಲ್ಲಿ ಬಸಳೆಗೆ ಹಾಕಿದರೆ ಹೇಗೆ ಬರ್ತಿತ್ತು. ನೀವು ಮಣ್ಣು ಒಣಗಬೇಕು ಒಣಗಬೇಕು ಅಂತ ಉಪವಾಸ ಹಾಕ್ತೀರಿ. ದಿನಾ ಸ್ವಲ್ಪ ಹಾಕ್ತಿದ್ದೆ."

"ದಿನಾ?"

"ಬೇರು ಬರಬೇಕಲ್ಲ." ಅವಳು ಪಾತ್ರೆಯನ್ನು ಸೆರಗಿನಲ್ಲಿ ಮರೆಮಾಡುವಂತೆ ಹಿಡಿದಳು. "ಬಂದಾಗ ಅವಳಿಗೆ ಒಂದು ಲೋಟ ಚಾ ಕೂಡ ಕೊಡಲಿಲ್ಲ ನಾನು ಆವತ್ತು. ಮಾತೂ ಆಡಲಿಲ್ಲ. ಇದೂ ಸತ್ತರೆ ಮತ್ತೆ ಯಾಕೆ ಬರ್ತಾಳೆ ಅವಳು ಈ ಕಡೆ?"

ದೂಜ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ನೀರನ್ನು ಮೋರಿಗೆ ಚೆಲ್ಲಿದ. ಆಮೇಲೆ ಇಬ್ಬರೂ ನೆಲಕ್ಕೆ ಹಳೆಯ ಪೇಪರು ಹಾಸಿ, ಗಿಡವನ್ನು ಮೆಲ್ಲಗೆ ಮಲಗಿಸಿ, ಕುಂಡದಿಂದ ಬಿಡಿಸಿದರು. ಕಪ್ಪಾಗಿ ಕೊಳೆತ ಬೇರುಗಳನ್ನು ಅವನು ಕತ್ತರಿಯಿಂದ ತೆಗೆದ. ಮಣ್ಣಿಗೆ ಮರಳು ಬೆರೆಸಿ ಮತ್ತೆ ನೆಟ್ಟು, ಕರೆಂಟು ಬಿಲ್ಲಿನ ಚಿಂತೆ ಬಿಟ್ಟು ಹಗಲೆಲ್ಲ ಫ್ಯಾನ್ ಹಾಕಿಟ್ಟರು. ಪ್ರಫುಲ್ಲಾ ಆಗಾಗ ಕುಂಡದ ಹತ್ತಿರ ಹೋಗಿ, ಮುಟ್ಟದೆ, ಕೈಯನ್ನು ಹಿಂದೆ ಕಟ್ಟಿಕೊಂಡು ನೋಡಿ ಬರುತ್ತಿದ್ದಳು.

ಎಲೆ ಉದುರುವುದು ನಿಂತಿತು. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಪ್ಲಾಸ್ಟಿಕ್ಕಿನ ಒಳಗೆ ದಾರದಂಥ ಬಿಳಿ ಎಳೆ ಕಂಡಿತು. ಮೊದಲು ಕಂಡವಳು ಪ್ರಫುಲ್ಲಾ. ಫೋನು ಮಾಡಿದವಳೂ ಅವಳೇ. "ದಾನೇಶ್ವರೀ, ಬೇರು ಬಂದಿದೆ. ಮುಂದಿನ ತಿಂಗಳು ಊಟಕ್ಕೆ ಬಾ, ಗಿಡ ತಗೊಂಡು ಹೋಗು," ಎಂದಳು.

ಗಣಪತಿ ಹಬ್ಬ ಕಳೆದ ಭಾನುವಾರ ದಾನೇಶ್ವರಿ ಬಂದಳು. ಪ್ರಫುಲ್ಲಾ ನೀರುದೋಸೆ, ಕೋಳಿ ಸಾರು ಮಾಡಿದ್ದಳು. ಊಟದ ಹೊತ್ತಿಗೆ ಪ್ರಶಾಂತ ಕೋಣೆಯಿಂದ ಬಂದು, "ಕೈಸೀ ಹೋ?" ಎಂದು ಕೇಳಿದ. "ಠೀಕ್ ಹೂಂ. ನೀ?" ಎಂದಳು. ಅಷ್ಟಕ್ಕೇ ಇಬ್ಬರೂ ಊಟಕ್ಕೆ ಕೂತರು. ಆಫೀಸಿನ ಯಾರದೋ ವಿಷಯ ಬಂದು ಒಮ್ಮೆ ಒಟ್ಟಿಗೇ ನಕ್ಕರು. ದೂಜ ತಟ್ಟೆಯಿಂದ ತಲೆ ಎತ್ತಲಿಲ್ಲ. ಪ್ರಫುಲ್ಲಾ ಮಾತ್ರ ಎತ್ತಿದಳು. ದೂಜ ಅವಳ ಪಾದವನ್ನು ಮೆಲ್ಲಗೆ ಒತ್ತಿದ. ಆಸೆ ಪಡುವಂಥದ್ದೇನೂ ಅಲ್ಲಿರಲಿಲ್ಲ, ಅದು ಅವನಿಗೆ ಕಾಣಿಸುತ್ತಿತ್ತು.

ಗರಗಸ ಹಿಡಿದು ದೂಜ ಗಿಡದ ಮುಂದೆ ನಿಂತಾಗ ಪ್ರಶಾಂತ ಯಾರೂ ಕರೆಯದೆ ಎದ್ದು ಬಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗೂಟಿಯ ಕೆಳಗೆ ಕಾಂಡ ಕೊಯ್ದು ಮುಗಿಯುತ್ತಲೇ ಗಿಡದ ಮೇಲರ್ಧ ಅವನ ತೋಳಿಗೆ ಬಂತು. ಹಾಲು ಅವನ ಮಣಿಕಟ್ಟಿಗೆ ಇಳಿಯಿತು.

"ಸಾಬಾಣ ಹಚ್ಚಿ ತೊಳ್ಕೊ. ಹಂಗ ಬಿಟ್ರ ತುರಸ್ತದ," ಎಂದಳು ದಾನೇಶ್ವರಿ.

"ಪಹಲೇ ಇದನ್ನ ಹಿಡಿ."

ಅವಳು ಹಿಡಿದಳು. ಅವನು ಕೈ ತೊಳೆಯಲು ಹೋದ. ಬಚ್ಚಲಿನಲ್ಲಿ ನಲ್ಲಿ ಬಹಳ ಹೊತ್ತು ಹರಿಯಿತು. ಅಷ್ಟರಲ್ಲಿ ದೂಜ ಪ್ಲಾಸ್ಟಿಕ್ ಬಿಚ್ಚಿ, ಬೇರು ಮುರಿಯದ ಹಾಗೆ ಅದನ್ನು ಸಣ್ಣ ಕುಂಡದಲ್ಲಿ ನೆಟ್ಟ. ಬುಡದ ಗಾಯಕ್ಕೆ ಪ್ರಫುಲ್ಲಾ ಅರಿಸಿನ ಹಚ್ಚಿದಳು. ಬೇಕೋ ಬೇಡವೋ, ದೂಜ ತಡೆಯಲಿಲ್ಲ.

ಈಗ ಅದು ಲಿಫ್ಟಿನಲ್ಲಿ ಹಿಡಿಸಿತು. ಪ್ರಶಾಂತ ಬಾಗಿಲವರೆಗೆ ಬಂದು, "ಸಂಭಾಲ್‌ಕೇ, ಜೋಪಾನ," ಎಂದ. ಅವಳು ತಲೆಯಾಡಿಸಿದಳು. ದೂಜ ಗಿಡ ಎತ್ತಿಕೊಂಡು ಸ್ಟೇಷನ್ನಿನವರೆಗೆ ಹೋದ. ದಾರಿಯುದ್ದಕ್ಕೂ ಜನ ಎಲೆಗಳಿಗೆ ದಾರಿ ಬಿಟ್ಟರು.

"ಹೊಸ ಜಾಗ. ಒಂದೆರಡು ಎಲೆ ಉದುರಿಸೀತು. ಗಾಬರಿ ಬೀಳಬೇಡ," ಎಂದ ಪ್ಲಾಟ್‌ಫಾರ್ಮಿನಲ್ಲಿ.

"ಗೊತ್ತದರಿ ಮಾಮಾ." ಅವಳು ಬಗ್ಗಿ ಅವನ ಕಾಲು ಮುಟ್ಟಲು ಹೋದಳು. ಅವನ ಎರಡೂ ಕೈಯಲ್ಲಿ ಕುಂಡವಿತ್ತು, ತಡೆಯಲಾಗಲಿಲ್ಲ.

ಲೋಕಲ್ ಬಂತು. ಹೆಂಗಸರ ಡಬ್ಬಿಯಲ್ಲಿ ಭಾನುವಾರವಾದ್ದರಿಂದ ನೂಕುನುಗ್ಗಲಿರಲಿಲ್ಲ. ಅವಳು ಹತ್ತಿದ ಮೇಲೆ ದೂಜ ಕುಂಡವನ್ನು ಕೈಗೆ ದಾಟಿಸಿದ. ಕಿಟಕಿಯ ಬಳಿ ಕೂತು ಮಡಿಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಗಿಡವನ್ನು ಕೆಳಗಿಂದ ಮೇಲಕ್ಕೆ ನೋಡಿದಳು. ಸೊಪ್ಪನ್ನು ಚೀಲಕ್ಕೆ ತುಂಬಿ, ಕಾಲು ಒಳಗೆಳೆದುಕೊಂಡು, ಪಕ್ಕದವಳನ್ನೂ ಸರಿಸಿ ಜಾಗ ಮಾಡಿದಳು. ಗಾಡಿ ಅಲುಗಿತು. ಕಂಬಿಗಳ ಹಿಂದೆ ಎಲೆಗಳು ಒಮ್ಮೆ ತೂಗಿದವು. ಆ ಹೆಂಗಸು ಅಗಲವಾದ ಒಂದು ಎಲೆಯ ಅಡಿಗೆ ಅಂಗೈ ಕೊಟ್ಟು, ಕಂಬಿಗೆ ತಾಗದ ಹಾಗೆ ಹಿಡಿದುಕೊಂಡಳು.