ಆಚೆ ದಡದ ಕೂಗು

ಬಾಬಿನ್ನಿನ ದಾರ ಮುಗಿದು ಎಷ್ಟೋ ಹೊತ್ತಾಗಿದ್ದರೂ ದರ್ಜಿ ಯಂತ್ರ ತುಳಿಯುತ್ತಲೇ ಇದ್ದ. ಹೊಳೆಯ ಎರಡು ದಡದ ಊರುಗಳ ಹಾಕಿ ಪಂದ್ಯ ಅಂದು ಸಂಜೆ. ಅವನು ಈಚೆ ದಡದವನು, ಹೆಂಡತಿ ಆಚೆ ದಡದವಳು. ಮದುವೆಯಾದಂದಿನಿಂದ ಮೈದಾನದ ಎದುರುಬದುರು ಕೂತು ಒಬ್ಬರನ್ನೊಬ್ಬರು ಹಂಗಿಸಿದವರು. ಹೋದ ಚಳಿಗಾಲದಲ್ಲಿ ದೇವರು ಅವಳನ್ನು ಕರೆಸಿಕೊಂಡ. ಇನ್ನು ಗೆದ್ದರೆ ಯಾರ ಮುಂದೆ ಮೀಸೆ ತಿರುವುವುದು?

ಸೈಕಲ್ ರಿಪೇರಿ ಮಾಡುವ ಬಾಮೈದ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತ.

"ಏಳಿ ಭಾವ. ಸೋಲ್ತೀವಿ ಅಂತ ಅಡಗಿಕೊಂಡಿದ್ದೀರಾ?"

"ನಿಮ್ಮವರು ಸ್ಟಿಕ್ ಹಿಡಿಯೋದು ನೋಡಿದ್ರೆ ಕಸ ಗುಡಿಸೋಕೆ ಬಂದ ಹಾಗಿರುತ್ತೆ. ಮನಸ್ಸಿಲ್ಲ ಕಣೋ, ಅಷ್ಟೇ."

"ಮನಸ್ಸು ಯಾರಿಗಿದೆ? ಜನಾನೇ ಬರ್ತಿಲ್ಲ. ಇವತ್ತೂ ಹೀಗೇ ಆದ್ರೆ ಇದೇ ಕೊನೇ ಪಂದ್ಯ ಅಂದಿದ್ದಾರೆ ಕಮಿಟಿಯವರು. ಅಕ್ಕನ ಜಾಗಕ್ಕೆ ನಾನೊಂದು ಟವೆಲ್ ಹಾಸಿ ಬಂದಿದ್ದೀನಿ. ಕಣ್ಣಲ್ಲಾದ್ರೂ ನೋಡಿ."

ದರ್ಜಿ ದೇವರಿಗೆ ಕೈಮುಗಿದು ಹೊರಟ.

ಈ ಪಂದ್ಯದಲ್ಲಿ ನಾಣ್ಯ ಚಿಮ್ಮಿಸುವ ಪದ್ಧತಿಯಿಲ್ಲ. ಎರಡೂ ಕಡೆಯವರು ಸರದಿಯಂತೆ ಕೂಗಬೇಕು. ಯಾರ ಕೂಗು ದೊಡ್ಡದೋ ಅವರಿಗೆ ಮೊದಲ ಚೆಂಡು. ಆಚೆ ದಡದ ಕೂಗು ಎತ್ತುತ್ತಿದ್ದವಳು ಅವನ ಹೆಂಡತಿ. "ಹೊಳೆ ಬಂತೋ!" ಎಂದು ಅವಳು ಕೂಗಿದರೆ, "ಈಚೆ ದಡ ಕೊಚ್ಚಿಹೋಯ್ತೋ!" ಎಂದು ಅವರ ಕಡೆ ಜನ ಕೂರುವ ಮೆಟ್ಟಿಲೆಲ್ಲ ನಡುಗುತ್ತಿತ್ತು.

ಇಂದು ಮೆಟ್ಟಿಲುಗಳೇ ಅರ್ಧ ಖಾಲಿ. ಈಚೆಯವರು ಫೋನಿನಿಂದ ತಲೆಯೆತ್ತಿ ಶಾಸ್ತ್ರಕ್ಕೊಂದು ಕೂಗು ಹಾಕಿದರು. ಎದುರುಗಡೆ ಬಾಮೈದ ಎದ್ದು "ಹೊಳೆ..." ಎಂದ, ಗಂಟಲು ಒಡೆಯಿತು. ಹಿಂದಿನಿಂದ ಯಾರೂ ಉಸಿರೆತ್ತಲಿಲ್ಲ. ದರ್ಜಿಯ ಪಕ್ಕದಲ್ಲಿದ್ದ ಅಂಚೆಯವನು ಕಿಸಕ್ಕನೆ ನಕ್ಕ. ಆ ನಗು ದರ್ಜಿಯ ಎದೆಗೆ ಸೂಜಿಯಂತೆ ಚುಚ್ಚಿತು. ಅವಳ ಕೂಗನ್ನು ಕೇಳಿ ಈವರೆಗೆ ಯಾರೂ ನಕ್ಕಿರಲಿಲ್ಲ.

ಅಂಪೈರ್ ಈಚೆ ದಡದ ಕಡೆ ಕೈಯೆತ್ತುವಷ್ಟರಲ್ಲಿ, "ತಡೀರಿ!" ಎಂದು ದರ್ಜಿ ಎದ್ದೇಬಿಟ್ಟ. ಗೋಲ್ ಕಂಬದ ಹಿಂದಿನಿಂದ ದಾಪುಗಾಲು ಹಾಕಿ ಎದುರು ಮೆಟ್ಟಿಲೇರಿ ಟವೆಲಿನ ಪಕ್ಕ ನಿಂತ. ಕಣ್ಣುಮುಚ್ಚಿ, ದೇವರನ್ನು ನೆನೆದು ಕೂಗಿದ:

"ಹೊಳೆ ಬಂತೋ!"

ಒಂದು ಕ್ಷಣ ಎಲ್ಲರೂ ಬೆಪ್ಪಾದರು. ಆಮೇಲೆ ಆಚೆ ದಡ ಒಂದೇ ಗಂಟಲಾಗಿ ಸಿಡಿಯಿತು: "ಈಚೆ ದಡ ಕೊಚ್ಚಿಹೋಯ್ತೋ!"

"ಥೂ, ಮನೆಮುರುಕ!" ಅಂಚೆಯವನು ಕೆಂಡವಾದ. "ನಮ್ಮೂರ ನೀರು ಕುಡಿದು ಅವರಿಗೆ ಕೂಗ್ತೀಯಾ? ಏಳ್ರೋ, ಸುಮ್ನೆ ಕೂತ್ಕೋತೀರಾ?"

ಫೋನುಗಳು ಜೇಬು ಸೇರಿದವು. ಈಚೆ ದಡ ಮೆಟ್ಟಿಲು ಕಿತ್ತುಹೋಗುವಂತೆ ಗರ್ಜಿಸಿತು. ಏನಾಯಿತೋ ಎಂದು ಬಸ್‌ಸ್ಟಾಪಿನಲ್ಲಿದ್ದವರೂ ಓಡಿಬಂದರು. ಮತ್ತೆ ಆಚೆ, ಮತ್ತೆ ಈಚೆ.

"ಸಾಕು ಮಹಾರಾಯರೇ, ನಾಣ್ಯ ಚಿಮ್ಮಿಸಿಬಿಡ್ತೀನಿ!" ಅಂಪೈರ್ ಕಿವಿ ಮುಚ್ಚಿಕೊಂಡ.

"ನಾಣ್ಯ ಗೀಣ್ಯ ಎತ್ತಿದ್ರೆ ಗ್ರಹಚಾರ ಬಿಡಿಸ್ತೀವಿ!" ಈ ಒಂದು ಮಾತಿನಲ್ಲಿ ಮಾತ್ರ ಎರಡು ದಡವೂ ಒಂದಾದವು.

ಕೊನೆಗೂ ಮೊದಲ ಚೆಂಡು ಆಚೆ ದಡಕ್ಕೆ ಸಿಕ್ಕಿ ಆಟ ಶುರುವಾಯಿತು. ಸ್ವಲ್ಪ ಹೊತ್ತಿಗೆಲ್ಲ ಈಚೆ ದಡದ ಹುಡುಗನೊಬ್ಬ ಇಬ್ಬರನ್ನು ದಾಟಿ ಚೆಂಡನ್ನು ಫಟೀರನೆ ಗೋಲಿಗೆ ಹೊಡೆದ.

"ಗೋಲ್!" ದರ್ಜಿ ಮೈಮರೆತು ಕುಣಿದ. ಬಾಮೈದ ಹಾಸಿದ್ದ ಟವೆಲನ್ನೇ ಎಳೆದು ಅವನ ಬೆನ್ನಿಗೆ ಬಾರಿಸಿದ.

"ನಾಚಿಕೆ ಆಗಲ್ವಾ ಭಾವ? ಅಕ್ಕನ ಜಾಗದಲ್ಲಿ ನಿಂತು!"

"ನಾನು ಗೆದ್ದಿದ್ದು ಅವಳಿಗೆ ಕೇಳಿಸಬೇಡ್ವೇನೋ?"

"ಎರಡು ನಾಲಿಗೆ ಮನುಷ್ಯ! ಮುಂದಿನ ವರ್ಷ ಬಾ, ಮೆಟ್ಟಿಲಿಗೆ ಕಟ್ಟಿಹಾಕ್ತೀವಿ!" ಹಿಂದಿನಿಂದ ಅಜ್ಜಿಯೊಬ್ಬಳು ಕೋಲೆತ್ತಿದಳು.

"ಮುಂದಿನ ವರ್ಷ ಇದ್ದೇ ಇರುತ್ತೆ, ಬರ್ತೀನಿ ಅಜ್ಜಿ!" ಎಂದ ದರ್ಜಿ, ಕಣ್ಣೊರೆಸಿಕೊಂಡು ನಗುತ್ತಾ. ಎಲ್ಲರೂ ಬೈಯುತ್ತಲೇ ಇದ್ದರು. ಎಷ್ಟು ದಿನವಾಗಿತ್ತು, ಆಚೆ ದಡದ ಬಾಯಿಂದ ಹೀಗೆ ಬೈಸಿಕೊಂಡು!