ಮತ್ತು ಇಳಿದ ಮೇಲೆ

ಶಿವಮಲ್ಲಮ್ಮನಿಗೆ ಎಚ್ಚರವಾದಾಗ ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಕಿಬ್ಬೊಟ್ಟೆಯಲ್ಲಿ ಹಿಂಡಿದಂಥ ನೋವು. ಮದುವೆಯಾಗಿ ಇಷ್ಟು ವರ್ಷವಾದರೂ ಬಸುರಾಗಲಿಲ್ಲವೆಂದು ಗಂಡ ಗುರುಸ್ವಾಮಿ ಅವಳನ್ನು ಪಣಕಹಳ್ಳಿಯಿಂದ ಘಟ್ಟ ಇಳಿಸಿ ಕೆಳಗಿನ ತಮಿಳು ಸೀಮೆಯ ಈ ಆಸ್ಪತ್ರೆಗೆ ಕರೆತಂದಿದ್ದ. ಗರ್ಭಕೋಶ ಕೆರೆದು ಪರೀಕ್ಷೆ ಮಾಡಬೇಕೆಂದು ಡಾಕ್ಟರಮ್ಮ ಮತ್ತಿನ ಸೂಜಿ ಹಾಕಿಸಿದ್ದರು. ಈಗ ಕಣ್ಣು ಬಿಟ್ಟರೆ, ಆಚೆ ಈಚೆಯ ಮಂಚಗಳಲ್ಲಿ ಮಲಗಿದ್ದವರೆಲ್ಲ ಇನ್ನು ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡ ಹೆಂಗಸರು.

ಅದು ಎಪ್ಪತ್ತಾರನೇ ಇಸವಿ. ಹಿಡಿದೊಯ್ದು ಆಪರೇಷನ್ ಮಾಡಿಸುವ ಜೀಪು ಬಂತೆಂದು ಯಾರಾದರೂ ಕೂಗಿದರೆ ಸಾಕು, ಬೆಟ್ಟದ ಮೇಲಿನ ಗಂಡಸರು ಜೋಳದ ಹೊಲ ಹೊಕ್ಕು ಕೂರುತ್ತಿದ್ದ ಕಾಲ.

“ನಂಗೇನ್ ಮಾಡುದ್ರಿ?” ಎಂದು ಶಿವಮಲ್ಲಮ್ಮ ನರ್ಸನ್ನು ಕೇಳಿದಳು.

“ಎಲ್ಲಾಂ ಮುಡಿಂಜುದುಮ್ಮಾ,” ಎಂದು ನರ್ಸು ಅವಸರದಲ್ಲಿ ಹೊರಟುಹೋದಳು.

ಎಲ್ಲಾ ಮುಗಿಯಿತು. ಏನು ಮುಗಿಯಿತು? ಬಸ್ಸು ಘಟ್ಟದ ತಿರುವುಗಳನ್ನು ಹತ್ತುವಾಗಲೆಲ್ಲ ಆ ಒಂದು ಮಾತೇ ಅವಳ ತಲೆಯೊಳಗೆ ತಿರುಗಿತು. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಹೊಟ್ಟೆ ತಡವಿ ನೋಡಿಕೊಂಡಳು. ಗಾಯವಿರಲಿಲ್ಲ. ಉಸಿರು ಬಂದಂತಾಯಿತು. ಆದರೆ ಬಾವಿಯ ಹತ್ತಿರ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ, “ಈಗ ಗಾಯಾನೇ ಕಾಣ್ದಂಗ ಮಾಡ್ಬುಡ್ತಾರಂತ ಕಣಮ್ಮಿ. ಮಾಡುಸ್ಕಂಡೋಳ್ಗೂ ಗೊತ್ತಾಗಕಿಲ್ವಂತ,” ಎಂದಾಗ ಅವಳ ಕೈಯಿಂದ ಹಗ್ಗ ಜಾರಿ ಬಿಂದಿಗೆ ಬಾವಿಗೆ ಬಿತ್ತು.

ಆಮೇಲೆ ಪ್ರತಿ ತಿಂಗಳೂ ಮುಟ್ಟಾದಾಗ ಅವಳಿಗೆ ಬಂದದ್ದು ಅಳುವಲ್ಲ, ದಿಗಿಲು. ಮೊದಲು ಆಗಲಿಲ್ಲ ಎಂಬ ಸಂಕಟವಿತ್ತು. ಈಗ ಎಂದೂ ಆಗುವುದಿಲ್ಲ ಎಂಬ ಭಯ. ಹೇಳಿದರೆ ಗಂಡ ಏನೆನ್ನುತ್ತಾನೋ ಎಂದು ಬಾಯಿ ಕಟ್ಟಿಕೊಂಡಳು. ಒಂದು ಬೆಳಿಗ್ಗೆ ರಾಗಿ ಬೀಸುತ್ತಿದ್ದಾಗ ಜಗುಲಿಯಿಂದ ಅತ್ತೆ ಚನ್ನಮಲ್ಲಮ್ಮನ ದನಿ ಕೇಳಿಸಿತು.

“ದೊಡ್ಡಗಾಜನೂರ್ಲಿ ನಿಂಗ ಒಂದ್ ಎಣ್ಣದ ಅಂತಾರಪ್ಪ. ನೋಡ್ಕಂಡ್ ಬರದಾ?”

ಗುರುಸ್ವಾಮಿ ಗುದ್ದಲಿ ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೊರಟ. ಬೇಡ ಎಂಬ ಮಾತು ಬರಲಿಲ್ಲವಲ್ಲ ಎಂದು ಅವಳು ಬೀಸುವ ಕೈ ನಿಲ್ಲಿಸಿದಳು.

ಮಧ್ಯಾಹ್ನ ಹೊಲಕ್ಕೆ ಮುದ್ದೆ ಹೊತ್ತು ಹೋದವಳು ಗಂಡನ ಮುಂದೆ ಕುಕ್ಕರಿಸಿ ಎಲ್ಲವನ್ನೂ ಹೇಳಿಬಿಟ್ಟಳು. “ನಂಗ ಆಪರೇಷನ್ ಮಾಡ್ಬುಟ್ಟವ್ರ ಕಣಿ. ಇನ್ನೊಂದ್ ಮದ್ವ ಆಗದಾದ್ರ ಆಗಿ. ನನ್ನ ತವರ್ಗ ಮಾತ್ರ ಅಟ್ಬ್ಯಾಡಿ.”

ಗುರುಸ್ವಾಮಿ ಮುರಿದ ತುತ್ತನ್ನು ಬಾಯಿಗಿಡದೆ ಹಿಡಿದ. “ಅವತ್ತಿಂದ ನಂಗೂ ಅದೇ ದಿಗಿಲು ಕಣಮ್ಮಿ. ನಾನೇ ತಾನೇ ನಿನ್ನ ಕರ್ಕಂಡೋದೋನು. ಕೇಳುದ್ರ ನಿಜವಾಗ್ಬುಡ್ತದ ಅಂತ ನಾನು ಸುಮ್ಕಿದ್ದಿ.” ತುತ್ತು ತಟ್ಟೆಯಲ್ಲೇ ಬಿಟ್ಟು ಎದ್ದ. “ನಡಿ, ನಾಳಕ ಓಗಿ ಕೇಳ್ಬುಡವು.”

ಡಾಕ್ಟರಮ್ಮ ಅವರ ಮಾತು ಕೇಳಿ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೇ ಕೂತು, ಅವತ್ತು ಮಾಡಿದ್ದು ಪರೀಕ್ಷೆ ಮಾತ್ರ, ನಿನ್ನಲ್ಲಿ ಯಾವ ದೋಷವೂ ಕಂಡಿಲ್ಲ ಎಂದು ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಶಿವಮಲ್ಲಮ್ಮ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಆಗ ಡಾಕ್ಟರಮ್ಮ ಗುರುಸ್ವಾಮಿಯ ಕಡೆ ತಿರುಗಿ, “ಇನ್ನು ನಿನ್ನನ್ನು ಪರೀಕ್ಷೆ ಮಾಡಬೇಕು,” ಎಂದರು.

ಅವನು ತಟ್ಟನೆ ಎದ್ದು ನಿಂತದ್ದನ್ನು ಶಿವಮಲ್ಲಮ್ಮ ಕಂಡಳು. ಓಡಿಹೋಗುತ್ತಾನೆಂದೇ ಅಂದುಕೊಂಡಳು. ಅವನು ಬಾಗಿಲನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಒಳಗೆ ಹೋದ.

ಕೊರತೆ ಅವನಲ್ಲೇ ಇತ್ತು. ಮಾತ್ರೆ ಕೊಟ್ಟ ಡಾಕ್ಟರಮ್ಮ, ಮಗು ಆಗಬಹುದು, ಆಗದೆಯೂ ಇರಬಹುದು ಎಂದರು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ಈಗ ಅವನೇನು ಮಾಡಿಕೊಂಡಾನೋ ಎಂದು ಅವಳಿಗೆ ಹೊಸ ದಿಗಿಲು.

ಮನೆಯಲ್ಲಿ ಅತ್ತೆ ಮತ್ತೆ ಹೆಣ್ಣಿನ ಮಾತು ತೆಗೆದಳು. ಗುರುಸ್ವಾಮಿ ಕಂಬ ಹಿಡಿದು ನಿಂತ.

“ಇನ್ನ ಎಷ್ಟ್ ಎಣ್ಣ್ ತಂದ್ರೂ ಅಷ್ಟೇ ಕಣವ್ವ. ತಪ್ಪು ನಂದು. ಅವಳ್ದಲ್ಲ.”

ಚನ್ನಮಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ದೊಡ್ಡಗಾಜನೂರಿನ ಸುದ್ದಿ ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಮರುವರ್ಷ ರಾಗಿ ಪೈರು ಮೊಣಕಾಲುದ್ದ ಬಂದಿದ್ದಾಗ ಅವಳ ಮುಟ್ಟು ನಿಂತಿತು. ಶಿವಮಲ್ಲಮ್ಮ ಯಾರಿಗೂ ಹೇಳಲಿಲ್ಲ. ಹೇಳಿದರೆ ಕರಗಿಹೋದೀತೆಂದು ಕೆಮ್ಮುವುದಕ್ಕೂ ಹೆದರಿದಳು. ಅವಳು ಕೊಡ ಎತ್ತಲು ಹಿಂಜರಿದದ್ದನ್ನು ಗುರುಸ್ವಾಮಿ ಕಂಡ. ಮಾರನೆಯ ದಿನದಿಂದ ನೀರು ಹೊರುವುದಕ್ಕೆ ಅವನೇ ನಿಂತ. ಊರವರು ನಕ್ಕರು. ಗಂಡ ಹೆಂಡಿರಿಬ್ಬರೂ ಒಂದೇ ಭಯವನ್ನು ಒಳಗಿಟ್ಟುಕೊಂಡು, ಅದರ ಹೆಸರೆತ್ತದೆ ತಿಂಗಳುಗಳನ್ನು ದೂಡಿದರು. ಕೂಸು ಒಳಗಿಂದ ಮೊದಲ ಬಾರಿ ಒದ್ದ ದಿನ ಅವಳು ಅವನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು.

“ಇದ್ದದಾ?” ಎಂದು ಪಿಸುಗುಟ್ಟಿದ ಅವನು.

“ಇದ್ದದ ಕಣಿ,” ಎಂದಳು ಅವಳು.